ಗಡಿ ಲೆಕ್ಕಿಸದ ಗಾಳ



ಗಡಿ ಎಂದರೇನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊಲ ಒಂದು ರಾಜ್ಯದಲ್ಲಿ, ಸಂತೆ ಇನ್ನೊಂದು ರಾಜ್ಯದಲ್ಲಿ. ಆದರೂ ಅಕ್ಕಲಕೋಟೆಯಲ್ಲಿ ಕದ್ದವನು ಆಳಂದಕ್ಕೆ ಓಡಿದರೆ ಪೊಲೀಸರು ಬೆನ್ನಟ್ಟಿ ಹಿಡಿಯಬಹುದು. ಅದಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವಿದೆ. ಆ ಅಧಿಕಾರ ನಿಲ್ಲುವುದು ದೇಶದ ಗಡಿಯಲ್ಲಿ. ಬ್ಯಾಂಕಿನದೇ ಎಂಬಂತೆ ಕಾಣುವ ನಕಲಿ ಜಾಲತಾಣ ತೆರೆದು, ಮೀನಿಗೆ ಗಾಳ ಹಾಕಿದಂತೆ ನಮ್ಮ ಗುಪ್ತಸಂಖ್ಯೆಯನ್ನು ಎಳೆದುಕೊಳ್ಳುವ ‘ಫಿಶಿಂಗ್’ ಕಳ್ಳರು ನೆಚ್ಚಿಕೊಂಡಿರುವುದು ಇದನ್ನೇ.

ಮೋಸಹೋದವರು ಒಂದು ದೇಶದಲ್ಲಿರುತ್ತಾರೆ. ನಕಲಿ ತಾಣವನ್ನಿಟ್ಟ ಸರ್ವರ್ ಎಂಬ ಕಂಪ್ಯೂಟರ್ ಎರಡನೆಯ ದೇಶದಲ್ಲಿ, ತಾಣದ ಹೆಸರನ್ನು ನೋಂದಾಯಿಸಿದ ಕಂಪನಿ ಮೂರನೆಯದರಲ್ಲಿ, ಕಳ್ಳ ನಾಲ್ಕನೆಯದರಲ್ಲಿ ಇರಬಹುದು. ಒಂದು ದೇಶದ ನ್ಯಾಯಾಲಯದ ಆದೇಶ ಇನ್ನೊಂದರಲ್ಲಿ ತಾನಾಗಿ ನಡೆಯದು. ಸರ್ಕಾರದಿಂದ ಸರ್ಕಾರಕ್ಕೆ ಕಾಗದ ಹೋಗಿ ಬರಲು ತಿಂಗಳುಗಳೇ ಹಿಡಿಯುತ್ತವೆ. ಈ ತೊಡಕನ್ನು ಕಂಡೇ 2001ರ ನವೆಂಬರಿನಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಸೈಬರ್ ಅಪರಾಧ ಒಪ್ಪಂದಕ್ಕೆ ಸಹಿಗಳು ಬಿದ್ದವು. 2004ರ ಜುಲೈಯಲ್ಲಿ ಅದು ಜಾರಿಗೆ ಬಂತು. ಸೇರಿದ ಪ್ರತಿ ದೇಶವೂ ಹಗಲಿರುಳು ಸಂಪರ್ಕಕ್ಕೆ ಸಿಗುವ ಒಂದು ಕೇಂದ್ರವನ್ನಿಡಬೇಕೆಂದು ಒಪ್ಪಂದ ಹೇಳಿತು. ಸೇರದ ದೇಶಗಳನ್ನು ಅದು ಕಟ್ಟಿಹಾಕಲಾರದು.

ಹಾಗಾದರೆ ನಕಲಿ ತಾಣಗಳನ್ನು ಮುಚ್ಚಿಸುವವರು ಯಾರು? ಹೆಚ್ಚಿನ ಸಲ ನ್ಯಾಯಾಲಯವಲ್ಲ. ಬ್ಯಾಂಕುಗಳ ಪರವಾಗಿ ಕೆಲಸ ಮಾಡುವ ತಂಡಗಳು ಸರ್ವರ್ ಬಾಡಿಗೆಗೆ ಕೊಟ್ಟವರಿಗೆ ನೇರವಾಗಿ ಬರೆಯುತ್ತವೆ. ವಂಚನೆಗೆ ಬಳಸಬಾರದೆಂದು ಬಾಡಿಗೆ ಕರಾರಿನಲ್ಲೇ ಇರುವುದರಿಂದ ಅವರು ತಾಣವನ್ನು ನಿಲ್ಲಿಸುತ್ತಾರೆ. ಮನೆಯ ಮಾಲೀಕನಿಗೆ ಹೇಳಿ ಕಳ್ಳ ಬಾಡಿಗೆದಾರನನ್ನು ಹೊರಹಾಕಿಸಿದ ಹಾಗೆ. 2007ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಟೈಲರ್ ಮೂರ್ ಮತ್ತು ರಿಚರ್ಡ್ ಕ್ಲೇಟನ್ ಲೆಕ್ಕ ಹಾಕಿದಾಗ, ಸಾಧಾರಣ ನಕಲಿ ತಾಣವೊಂದು ಸರಾಸರಿ 62 ಗಂಟೆ ಬದುಕಿರುವುದು ಕಂಡುಬಂತು. ವಿಳಾಸವನ್ನು ಕ್ಷಣಕ್ಷಣಕ್ಕೂ ಬೇರೆ ಬೇರೆ ಕಂಪ್ಯೂಟರಿಗೆ ಜಿಗಿಸುವ ತಾಣಗಳು ಎಂಟು ದಿನ ಬಾಳುತ್ತಿದ್ದವು.

ಹೀಗೆ ಜಿಗಿಯುವ ಜಾಲಗಳಲ್ಲಿ ಕುಖ್ಯಾತವಾದದ್ದು ‘ಅವಲಾಂಚ್’. 2009ರ ಉತ್ತರಾರ್ಧದಲ್ಲಿ ಜಗತ್ತಿನ ಫಿಶಿಂಗ್ ದಾಳಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅದರದೇ ಆಗಿತ್ತು. ಮುಂದೆ ಕಂಪ್ಯೂಟರ್ ಕೆಡಿಸುವ ತಂತ್ರಾಂಶ ಹರಡುವುದಕ್ಕೂ ಆ ಹೆಸರಿನ ಜಾಲ ಬಳಕೆಯಾಯಿತು. 2012ರಲ್ಲಿ ಜರ್ಮನಿಯ ವೆರ್ಡೆನ್ ನಗರದ ಸರ್ಕಾರಿ ಅಭಿಯೋಜಕರೂ ಲ್ಯೂನೆಬರ್ಗಿನ ಪೊಲೀಸರೂ ತನಿಖೆಗಿಳಿದರು. ನಾಲ್ಕು ವರ್ಷ ದುಡಿದ ಮೇಲೆ, 2016ರ ನವೆಂಬರ್ 30ರಂದು 30 ದೇಶಗಳು ಒಟ್ಟಾಗಿ ಕೈಯೆತ್ತಿದವು. ಐವರ ಬಂಧನವಾಯಿತು; 39 ಸರ್ವರುಗಳು ವಶವಾದವು, ಇನ್ನೂ 221 ಸರ್ವರುಗಳ ಸಂಪರ್ಕ ಕಡಿಯಿತು. ತಡೆಹಿಡಿದ ತಾಣದ ಹೆಸರುಗಳು ಎಂಟು ಲಕ್ಷಕ್ಕೂ ಹೆಚ್ಚು! ಒಂದು ದೇಶ ಹಿಂದೆ ಸರಿದಿದ್ದರೂ ಜಾಲ ಅಲ್ಲಿಗೆ ಜಿಗಿದು ಉಳಿಯಬಹುದಿತ್ತು.

2024ರ ಏಪ್ರಿಲ್ 5ರಿಂದ ಇನ್ನೊಂದು ಹೆಜ್ಜೆ. ಇಂಟರ್ನೆಟ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ‘ಐಕ್ಯಾನ್’ ಸಂಸ್ಥೆ ತನ್ನ ಕರಾರನ್ನು ತಿದ್ದಿತು. ಫಿಶಿಂಗಿಗೆ ಸರಿಯಾದ ಪುರಾವೆ ಸಿಕ್ಕರೆ ಹೆಸರು ನೋಂದಾಯಿಸಿದ ಕಂಪನಿ ಅದನ್ನು ತಡೆಯುವ ಕ್ರಮ ಕೈಗೊಳ್ಳಲೇಬೇಕು.

ಆದರೆ ಕೇಳುಗರೇ, ಪುರಾವೆ ಎಲ್ಲಿಂದ ಬರಬೇಕು? ಗಾಳ ಮೊದಲು ಕಣ್ಣಿಗೆ ಬೀಳುವುದು ನಿಮಗೇ. ಸಂದೇಶ ಮರಾಠಿಯಲ್ಲಿರಲಿ, ತೆಲುಗಿನಲ್ಲಿರಲಿ, ಕನ್ನಡದಲ್ಲಿರಲಿ, ಅಳಿಸಿ ಸುಮ್ಮನಾಗಬೇಡಿ. ಆ ವಿಳಾಸವನ್ನು ನಿಮ್ಮ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡ ಪ್ರತಿ ಗಂಟೆಯೂ ನಕಲಿ ತಾಣದ ಆಯುಸ್ಸಿಗೆ ಸೇರುತ್ತದೆ. ಆ ಹೊತ್ತಿನಲ್ಲಿ ಗಾಳಕ್ಕೆ ಬೀಳುವವರು ನಿಮ್ಮ ಪಕ್ಕದ ಮನೆಯವರೇ ಆಗಿರಬಹುದು.