ಕಲ್ಯಾಣದ ಮನೆಗಳಲ್ಲಿ ಅದ್ವೈತ



ಕೆಲವು ದಿನಗಳ ಹಿಂದೆ ಒಬ್ಬ ಗೃಹಸ್ಥರು ನಮ್ಮಲ್ಲಿಗೆ ಬಂದಿದ್ದರು. ವೇದಾಂತಗ್ರಂಥಗಳನ್ನು ಶ್ರದ್ಧೆಯಿಂದ ಓದಿದವರು. "ಬುದ್ಧೀ, ಎಲ್ಲವೂ ಒಂದೇ ಎಂಬುದು ಮನಸ್ಸಿಗೆ ಒಪ್ಪಿದೆ. ಆದರೆ ಬೆಳಗಾದರೆ ಅಂಗಡಿಯ ಬಾಗಿಲು ತೆಗೆಯಬೇಕು, ಬಾಕಿ ವಸೂಲಿಗೆ ಅಲೆಯಬೇಕು. ಎಲ್ಲವನ್ನೂ ಬಿಟ್ಟು ಮಠಕ್ಕೆ ಬಂದುಬಿಡಲೇ?" ಎಂದು ಕೇಳಿದರು. ಆಗ ಪ್ರಸಾದದ ಹೊತ್ತಾಗಿತ್ತು, ಉತ್ತರ ಹೇಳಲಾಗಲಿಲ್ಲ. ಇಂದು ಹೇಳುತ್ತೇವೆ.

ಈ ಪ್ರಶ್ನೆ ಬಹಳ ಹಳೆಯದು. ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಮನೆ ಬಿಟ್ಟು ಹೊರಡುವ ಮುನ್ನ ಇಬ್ಬರು ಪತ್ನಿಯರಿಗೆ ಆಸ್ತಿ ಹಂಚಲು ಕೂಡುತ್ತಾರೆ. ಮೈತ್ರೇಯಿ ಸಂಪತ್ತನ್ನು ಒಲ್ಲೆನೆಂದು ಅಮೃತತ್ವವನ್ನು ಕೇಳುತ್ತಾಳೆ. ಆಗ ಬಂದ ಉಪದೇಶವೇ ಅದ್ವೈತದ ತಾಯಿಬೇರು. ಎರಡಿರುವಲ್ಲಿ ಒಬ್ಬನು ಇನ್ನೊಬ್ಬನನ್ನು ನೋಡುತ್ತಾನೆ. ಎಲ್ಲವೂ ಆತ್ಮವೇ ಆದಲ್ಲಿ ಯಾರು ಯಾರನ್ನು ನೋಡಬೇಕು ಎಂಬುದು ಅದರ ತಿರುಳು. ಇಷ್ಟನ್ನು ಹೇಳಿ ಋಷಿ ಹೊರಟುಹೋದರು. ಮನೆಯಲ್ಲಿ ಕಾತ್ಯಾಯನಿಯೂ ಇದ್ದಳು. ಅವಳ ಬಾಯಿಂದ ಉಪನಿಷತ್ತು ಒಂದು ಮಾತನ್ನೂ ಆಡಿಸಿಲ್ಲ. ಪಾಠಶಾಲೆಯಲ್ಲಿ ಇದನ್ನು ಓದುವಾಗ ಆಕೆಯ ಕಡೆಗೆ ನಮ್ಮ ಲಕ್ಷ್ಯವೂ ಹೋಗಿರಲಿಲ್ಲ.

ಇನ್ನು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬನ್ನಿ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅದು. 1160ರ ದಶಕದಲ್ಲಿ ಅಲ್ಲಿ ಕಲಚುರ್ಯ ಬಿಜ್ಜಳನ ಆಳ್ವಿಕೆ. ಊರ ತುಂಬ ದುಡಿದು ಉಣ್ಣುವ ಶರಣರು. ಅವರಲ್ಲಿ ಮೋಳಿಗೆಯ ಮಾರಯ್ಯನೊಬ್ಬ. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದವನೆಂದು ಪರಂಪರೆ ಹೇಳುತ್ತದೆ. ಅರಸನಾಗಿದ್ದನೋ ಇಲ್ಲವೋ, ಕಟ್ಟಿಗೆಯ ಹೊರೆ ಮಾರಿ ಬದುಕಿದನೆಂಬುದು ಅವನ ಹೆಸರಿನಲ್ಲಿಯೇ ನಿಂತಿದೆ. ಅವನಿಗೂ ಒಮ್ಮೆ ಇದೆಲ್ಲ ಸಾಕು, ಲಿಂಗದಲ್ಲಿ ಬೆರೆಯಲು ಹೊರಡೋಣ ಎನಿಸಿತು. ಆಗ ಮಡದಿ ಮಹಾದೇವಿ ಅವನನ್ನು ಜಂಕಿಸಿದಳು. ಹೋಗುವವನೊಬ್ಬ, ಸೇರುವ ಠಾವೊಂದು ಎಂದ ಮೇಲೆ ಎರಡು ಉಳಿಯಿತಲ್ಲವೆ? ಮೈತ್ರೇಯಿಗೆ ಪತಿಯು ಬೋಧಿಸಿದ. ಇಲ್ಲಿ ಪತಿಗೆ ಸತಿ ಬೋಧಿಸಿದಳು, ಅದೂ ಹೊರಡದಂತೆ.

ಆಯ್ದಕ್ಕಿ ಮಾರಯ್ಯನ ಪ್ರಸಂಗ ಇದಕ್ಕಿಂತಲೂ ಸೂಕ್ಷ್ಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅಲ್ಲಮಪ್ರಭುಗಳೊಡನೆ ಅನುಭಾವದ ಮಾತಿನಲ್ಲಿ ಮುಳುಗಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಯೋಚಿಸಿರಿ, ಕೇಳುತ್ತಿದ್ದುದು ಪ್ರಭುದೇವರ ಮಾತು! ಅದಕ್ಕಿಂತ ದೊಡ್ಡ ಅನುಭಾವವೆಲ್ಲಿ? ಲಕ್ಕಮ್ಮ ಅದನ್ನು ಲೆಕ್ಕಿಸಲಿಲ್ಲ. ಕಾಯಕ ತಪ್ಪಿತೆಂದು ನೆನಪಿಸಿದಳು. ಮಾರಯ್ಯ ಓಡಿದ. ಅವಸರದಲ್ಲಿ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಆಕೆ ಒಲೆ ಹಚ್ಚಲಿಲ್ಲ. ಇದು ನಮ್ಮ ಪಾಲಿನದಲ್ಲ, ಅಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದಳು.

ಇದನ್ನು ಬರಿಯ ಮಿತವ್ಯಯದ ಕಥೆಯೆಂದು ಹೇಳುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಎರಡನೆಯದೊಂದು ಇದ್ದರೆ ಮಾತ್ರ ಭಯ ಎಂದು ಅದೇ ಬೃಹದಾರಣ್ಯಕ ಹೇಳುತ್ತದೆ. ನಾಳೆ ನನಗೆ ಸಿಕ್ಕೀತೋ ಇಲ್ಲವೋ ಎಂಬ ಭಯವಲ್ಲವೆ ಆ ಹೆಚ್ಚಿನ ಅಕ್ಕಿ? ಅಂದರೆ ಮಾರಯ್ಯನ ಸೆರಗಿನಲ್ಲಿ ದ್ವೈತವೇ ಗಂಟಾಗಿ ಬಂದಿತ್ತು. ಪ್ರಭುಗಳೆದುರು ಕುಳಿತಾಗ ಕಾಣದಿದ್ದ ಕೊರತೆ ಅಡುಗೆಮನೆಯಲ್ಲಿ ಹಿಡಿ ಅಕ್ಕಿಯ ಲೆಕ್ಕದಲ್ಲಿ ಸಿಕ್ಕಿಬಿದ್ದಿತು. ಹದಿನೈದನೆಯ ಶತಮಾನದಲ್ಲಿ ಶೂನ್ಯಸಂಪಾದನೆಯನ್ನು ಸಂಕಲಿಸಿದ ಶಿವಗಣಪ್ರಸಾದಿ ಮಹಾದೇವಯ್ಯನವರು ಇಂಥ ಮನೆಮಾತನ್ನು ಬಿಡಲಿಲ್ಲ. ಪ್ರಭುದೇವರ ಮಹಾಗೋಷ್ಠಿಗಳ ಪಕ್ಕದಲ್ಲಿಯೇ ಅದಕ್ಕೂ ಮಣೆ ಹಾಕಿದರು.

ಆದರೆ ಈ ಕಥೆಯನ್ನು ಗೃಹಸ್ಥರಿಗೆ ಹೇಳಿ ನಾವು ಸುಮ್ಮನಿರುವಂತಿಲ್ಲ. ಮನೆ ಬಿಟ್ಟವರು ನಾವು. ಒಲೆಯ ಮುಂದೆ ನಿಂತು ನಮ್ಮನ್ನು ತಿರುಗಿ ಕಳಿಸುವ ಲಕ್ಕಮ್ಮ ನಮಗಿಲ್ಲ. ಮೊನ್ನೆ ಉಗ್ರಾಣದ ಬಾಗಿಲು ತೆಗೆಸಿ ನೋಡಿದೆವು. ಕಳೆದ ಸುಗ್ಗಿಯ ಜೋಳದ ಚೀಲಗಳು ಹಾಗೆಯೇ ಇವೆ. ಕೆಲವಕ್ಕೆ ನುಸಿ ಹಿಡಿದಿದೆ. ಭಕ್ತರು ಪ್ರೀತಿಯಿಂದ ತಂದದ್ದು, ನಾವು ಬೇಡವೆನ್ನಲಿಲ್ಲ. ಅಂದು ರಾತ್ರಿ ಪೂಜೆಗೆ ಕುಳಿತಾಗ ಕಣ್ಣ ಮುಂದೆ ಆ ಚೀಲಗಳೇ ಬಂದವು.

ಚೆನ್ನಾಗಿರುವ ಜೋಳವನ್ನು ಈ ವಾರ ಹಂಚುತ್ತೇವೆ. ಉಗ್ರಾಣ ಬರಿದಾಗುವವರೆಗೆ ಯಾರೂ ಹೊಸ ಚೀಲ ತರಬಾರದು.

ಪ್ರಶ್ನೆ ಕೇಳಿದ ಆ ಗೃಹಸ್ಥರು ಸಭೆಯಲ್ಲಿ ಕಾಣುತ್ತಿಲ್ಲ. ಇಂದು ಸಂತೆ, ಅಪ್ಪ ಅಂಗಡಿಯಲ್ಲಿದ್ದಾರೆ ಎಂದು ಅವರ ಮಗ ಹೇಳುತ್ತಿದ್ದಾನೆ.