ಮಿದುಳಿನ ಸೌಮ್ಯ ಗಡ್ಡೆ: ವಿಕಿರಣ ಚಿಕಿತ್ಸೆಯ ನಂತರ

ಮೆನಿಂಜಿಯೋಮದಂಥ, ಕ್ಯಾನ್ಸರ್ ಅಲ್ಲದ ಮಿದುಳಿನ ಗಡ್ಡೆಗಳಿಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಸುಮಾರು 6 ವಾರ, ಒಟ್ಟು 50–54 ಗ್ರೇ (ವಿಕಿರಣ ಪ್ರಮಾಣದ ಏಕಮಾನ) ವಿಕಿರಣ ಕೊಡಲಾಗುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರು ಇದಕ್ಕಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಸಂಸ್ಥೆಗಳಿಗೆ ಹೋಗಬೇಕಾಗಬಹುದು. ಗಡ್ಡೆ ಕರಗದಿದ್ದರೂ ಬೆಳೆಯದೆ ನಿಂತರೆ ಚಿಕಿತ್ಸೆ ಫಲಿಸಿದಂತೆಯೇ.

ಚಿಕಿತ್ಸೆಯ ನಂತರ ಆಯಾಸ ಕೆಲವು ವಾರ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಕಿರಣ ಹಾದ ಜಾಗದಲ್ಲಷ್ಟೇ ಉದುರಿದ ಕೂದಲು ಕೆಲವು ತಿಂಗಳಲ್ಲಿ ಮತ್ತೆ ಹುಟ್ಟುತ್ತದೆ, ಕೆಲವೊಮ್ಮೆ ತೆಳುವಾಗಿ. ಮಿದುಳಿನ ಊತಕ್ಕೆ ಕೊಡುವ ಡೆಕ್ಸಾಮೆಥಾಸೋನ್ ಮಾತ್ರೆಯನ್ನು ಥಟ್ಟನೆ ಬಿಡದೆ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ತಿಂಗಳು, ವರ್ಷಗಳ ಬಳಿಕ ಮರೆವು, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳ ಕೊರತೆ, ಅಪರೂಪಕ್ಕೆ ವಿಕಿರಣದಿಂದ ಮಿದುಳಿನ ಅಂಗಾಂಶ ಸಾಯುವುದು ಕಾಣಿಸಬಹುದು. ಆದ್ದರಿಂದ ಎಂಆರ್‌ಐ ತಪಾಸಣೆ ವರ್ಷಗಳ ಕಾಲ ಮುಂದುವರಿಯುತ್ತದೆ. ಗಡ್ಡೆ ಪಿಟ್ಯುಟರಿಯ ಬಳಿಯಿದ್ದರೆ ಹಾರ್ಮೋನುಗಳ ರಕ್ತಪರೀಕ್ಷೆಯೂ ಬೇಕು.