ಎಕ್ಸೆಲ್ ಚಾರ್ಟ್ ರಿಪೋರ್ಟ್‌ಗೆ ಹಾಕ್ತೀರಾ? ಜೊತೆಗೆ ಉದ್ರಿ ಲೆಕ್ಕವೂ ಹೋದೀತು!

ಬ್ಯಾಂಕ್ ಸಾಲದ ಪ್ರಾಜೆಕ್ಟ್ ರಿಪೋರ್ಟ್ ಇರಲಿ, ಹಾಲು ಸಂಘದ ವಾರ್ಷಿಕ ಸಭೆಗೆ ತೋರಿಸೋ ಪಿಪಿಟಿ ಇರಲಿ, ಎಕ್ಸೆಲ್‌ನಲ್ಲಿ ಮಾಡಿದ ಚಾರ್ಟ್ ಕಾಪಿ ಮಾಡಿ ವರ್ಡ್‌ಗೋ ಪವರ್‌ಪಾಯಿಂಟ್‌ಗೋ ಪೇಸ್ಟ್ ಮಾಡ್ತೀವಿ. ಕಂಟ್ರೋಲ್ ಸಿ, ಕಂಟ್ರೋಲ್ ವಿ, ಕೆಲಸ ಮುಗೀತು ಅಂದ್ಕೋತೀವಿ. ಆದರೆ ಪೇಸ್ಟ್ ಆದ ಮೇಲೆ ಚಾರ್ಟ್‌ನ ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಐಕಾನ್ ಬರುತ್ತೆ. ಹೆಚ್ಚಿನವರು ಅದನ್ನು ನೋಡೋದೇ ಇಲ್ಲ. ಒತ್ತಿದರೆ ಐದು ಆಯ್ಕೆ ಇವೆ. ಅಸಲು ವಿಷಯ ಮೂರೇ: ಲಿಂಕ್, ಎಂಬೆಡ್, ಪಿಕ್ಚರ್. ಉಳಿದದ್ದು ಬಣ್ಣ, ಫಾಂಟ್ ಯಾವ ಫೈಲಿನದ್ದು ಇರಬೇಕು ಅನ್ನೋದಷ್ಟೆ.

ಎಚ್ಚರ ಬೇಕಾಗಿರೋದು ಎಂಬೆಡ್‌ನಲ್ಲಿ. ಇದರಲ್ಲಿ ಚಾರ್ಟ್ ಒಂದೇ ಹೋಗಲ್ಲ, ಇಡೀ ವರ್ಕ್‌ಬುಕ್ ರಿಪೋರ್ಟ್ ಒಳಗೆ ಹೋಗಿ ಕೂರುತ್ತೆ. ಕಿರಾಣಿ ಅಂಗಡಿಯವರ ಫೈಲಿನ ಮೊದಲ ಶೀಟ್‌ನಲ್ಲಿ ತಿಂಗಳ ವ್ಯಾಪಾರ, ಎರಡನೇದರಲ್ಲಿ ಯಾರ್ಯಾರ ಉದ್ರಿ ಎಷ್ಟು, ಮೂರನೇದರಲ್ಲಿ ಹೋಲ್‌ಸೇಲ್ ರೇಟ್ ಇದೆ ಅಂದ್ಕೊಳ್ಳಿ. ಚಾರ್ಟ್ ಮೊದಲ ಶೀಟ್‌ದು. ಆದರೆ ಫೈಲ್ ಪಡೆದವರು ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಡಿಟ್ ಡೇಟಾ ಇನ್ ಎಕ್ಸೆಲ್’ ಒತ್ತಿದರೆ ಮೂರೂ ಶೀಟ್ ಸಿಗುತ್ತೆ. ಹೈಡ್ ಮಾಡಿಟ್ಟ ಶೀಟನ್ನೂ ಅನ್‌ಹೈಡ್ ಮಾಡಬಹುದು. ಎಂಬೆಡ್ ಮಾಡಲೇಬೇಕು ಅಂದ್ರೆ ಚಾರ್ಟ್‌ಗೆ ಬೇಕಾದ ಅಂಕಿ ಮಾತ್ರ ಹೊಸ ಫೈಲ್‌ನಲ್ಲಿ ಹಾಕಿ, ಅಲ್ಲೇ ಚಾರ್ಟ್ ಮಾಡಿ ತನ್ನಿ.

ಲಿಂಕ್ ಬೇರೆ ಥರ. ಸಾಮಾನ್ಯವಾಗಿ ಸುಮ್ಮನೆ ಪೇಸ್ಟ್ ಮಾಡಿದರೆ ಆಗೋದು ಇದೇ. ವರ್ಕ್‌ಬುಕ್ ಒಳಗೆ ಬರಲ್ಲ, ಅದು ಎಲ್ಲಿದೆ ಅನ್ನೋ ದಾರಿ ಮಾತ್ರ ನೆನಪಿರುತ್ತೆ. ಎಕ್ಸೆಲ್‌ನಲ್ಲಿ ಅಂಕಿ ತಿದ್ದಿ, ಇಲ್ಲಿ ‘ರಿಫ್ರೆಶ್ ಡೇಟಾ’ ಒತ್ತಿದರೆ ಚಾರ್ಟ್ ಬದಲಾಗುತ್ತೆ. ಪ್ರತಿ ತಿಂಗಳು ಅದೇ ರಿಪೋರ್ಟ್ ಮಾಡೋ ಸಂಘದ ಕಾರ್ಯದರ್ಶಿಗಳಿಗೆ ಇದೇ ಸರಿ. ಆದರೆ ಪಿಪಿಟಿ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರೆ ಹಳೇ ಚಾರ್ಟ್ ಕಾಣುತ್ತೆ, ಅಲ್ಲಿ ತಿದ್ದೋಕೆ ಆಗಲ್ಲ. ಎಕ್ಸೆಲ್ ಫೈಲ್‌ನ ಜಾಗ ಬದಲಾಗಿದ್ರೆ ‘ಫೈಲ್’, ‘ಇನ್ಫೋ’, ‘ಎಡಿಟ್ ಲಿಂಕ್ಸ್ ಟು ಫೈಲ್ಸ್’ಗೆ ಹೋಗಿ ‘ಚೇಂಜ್ ಸೋರ್ಸ್’ ಕೊಡಿ.

ಪಿಕ್ಚರ್ ಅಂದ್ರೆ ಬರೀ ಚಿತ್ರ. ತಿದ್ದೋಕೆ ಆಗಲ್ಲ, ಲೆಕ್ಕ ಹೊರಗೆ ಹೋಗೋ ಭಯವೂ ಇಲ್ಲ. ಹೊರಗಿನವರಿಗೆ ಕೊಡೋದಾದ್ರೆ ನನ್ನ ಮತ ಇದಕ್ಕೇ. ಇಲ್ಲಾಂದ್ರೆ ರಿಪೋರ್ಟನ್ನೇ ಪಿಡಿಎಫ್ ಮಾಡಿ ಕಳಿಸಿ, ಅದರೊಳಗೆ ವರ್ಕ್‌ಬುಕ್ ಹೋಗಲ್ಲ. ಮೊಬೈಲ್‌ನಲ್ಲಿ ಕಂಪ್ಯೂಟರ್ ಸ್ಕ್ರೀನ್‌ನ ಫೋಟೋ ತೆಗೆದು ರಿಪೋರ್ಟ್‌ಗೆ ಹಾಕೋದು ಮಾತ್ರ ದಯವಿಟ್ಟು ಬೇಡ.

ಗೂಗಲ್ ಶೀಟ್ಸ್‌ನಿಂದ ಗೂಗಲ್ ಡಾಕ್ಸ್‌ಗೆ ಪೇಸ್ಟ್ ಮಾಡುವಾಗ ಲಿಂಕ್ ಬೇಕಾ ಬೇಡವಾ ಅಂತ ಅದೇ ಕೇಳುತ್ತೆ.

ಇನ್ನೊಂದು ಕನ್ನಡದ ಗೋಳು. ಹಳೇ ನುಡಿ ಫಾಂಟ್‌ನಲ್ಲಿ ಹೆಸರು ಟೈಪ್ ಮಾಡಿದ್ರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ‘ಅಕ್ಕಿ’, ‘ಬೇಳೆ’ ಎಲ್ಲಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಆಗುತ್ತೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಆಗಲೇ ಟೈಪ್ ಆಗಿಬಿಟ್ಟಿದ್ರೆ, ಫಾಂಟ್ ಇರೋ ಕಂಪ್ಯೂಟರ್‌ನಲ್ಲೇ ಪಿಕ್ಚರ್ ಆಗಿ ಪೇಸ್ಟ್ ಮಾಡ್ಕೊಳ್ಳಿ. ಹಾಗೇ ಪ್ರಿಂಟ್ ಕಪ್ಪು-ಬಿಳುಪು ಆದ್ರೆ ಪೈ ಚಾರ್ಟ್‌ನ ಕೆಂಪು, ಹಸಿರು ಎರಡೂ ಒಂದೇ ಬೂದಿ ಬಣ್ಣ ಆಗಬಹುದು, ಅದಕ್ಕೆ ಎಕ್ಸೆಲ್‌ನಲ್ಲೇ ‘ಡೇಟಾ ಲೇಬಲ್ಸ್’ ಹಾಕಿ, ಆಮೇಲೆ ಕಾಪಿ ಮಾಡಿ.